ಶುಕ್ರವಾರ ಅಂದರೆ ಶುಕ್ರವಾರ

ಎಂಟನೇ ತರಗತಿಗೆ ಹೊಸದಾಗಿ ಬಂದ ಮಕ್ಕಳು ಜೂನ್ ತಿಂಗಳಿಡೀ ಪಾಠಕ್ಕಿಂತ ಹೆಚ್ಚಾಗಿ ನಮ್ಮನ್ನೇ ಗಮನಿಸುತ್ತಿರುತ್ತಾರೆ. ಸುತ್ತಲಿನ ಏಳೆಂಟು ಹಳ್ಳಿಗಳ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಏಳನೆಯದು ಮುಗಿಸಿ ಬಂದವರು ಅವರು. ಅಲ್ಲಿ ಬೆಳಗ್ಗೆಯಿಂದ ಸಂಜೆಯವರೆಗೆ ಗೊತ್ತಿರುವ ಕೆಲವೇ ಮುಖಗಳು. ಇಲ್ಲಿ ಗಂಟೆ ಹೊಡೆದಾಗಲೆಲ್ಲ ಹೊಸಬರೊಬ್ಬರು ಒಳಗೆ ಬರುತ್ತಾರೆ. ಯಾರು ಹೆಸರು ಹಿಡಿದು ಕರೆಯುತ್ತಾರೆ, ಯಾರು ‘ಏ ಹಿಂದಿನ ಬೆಂಚು’ ಅನ್ನುತ್ತಾರೆ, ಯಾರು ಮುಂದಿನ ಎರಡು ಸಾಲಿಗಷ್ಟೇ ಪಾಠ ಹೇಳುತ್ತಾರೆ, ‘ನಾಳೆ ಹೇಳಿಕೊಡ್ತೀನಿ’ ಅಂದವರಲ್ಲಿ ಮರುದಿನ ಅದನ್ನು ನೆನಪಿಟ್ಟುಕೊಂಡು ಬಂದವರು ಯಾರು, ಎಲ್ಲವನ್ನೂ ಅವರು ಲೆಕ್ಕ ಇಡುತ್ತಾರೆ. ಗಣೇಶನ ಹಬ್ಬದ ಹೊತ್ತಿಗೆ ಆ ಲೆಕ್ಕ ಮುಗಿದಿರುತ್ತದೆ. ಆಮೇಲೆ ಅದನ್ನು ಬದಲಾಯಿಸುವುದು ಬಹಳ ಕಷ್ಟ.

ನಾನು ರಾಯಚೂರು ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಇಲಾಖೆಯ ಮಾತಿನಲ್ಲಿ ಹೇಳುವುದಾದರೆ ಪಿಸಿಎಂ (ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ) ಶಿಕ್ಷಕಿ. ಇಪ್ಪತ್ತು ವರ್ಷಕ್ಕೂ ಮೇಲಾಯಿತು. ಇಷ್ಟು ಕಾಲ ಮಕ್ಕಳ ನಡುವೆ ಇದ್ದು ನನಗೆ ಖಾತ್ರಿಯಾದದ್ದು ಇಷ್ಟು: ಹದಿಮೂರು ಹದಿನಾಲ್ಕರ ಮಗುವಿನ ಭರವಸೆ ತಾನಾಗಿಯೇ ಹುಟ್ಟಿ ಬೆಳೆಯುವುದಿಲ್ಲ. ಎದುರಿಗೆ ನಿಂತ ದೊಡ್ಡವರನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದರ ಆಧಾರದ ಮೇಲೆಯೇ ಅದು ನಿಲ್ಲುತ್ತದೆ. ಆ ನಂಬಿಕೆಯಾದರೂ ಶಿಕ್ಷಕರ ದಿನಾಚರಣೆಯ ಭಾಷಣದಿಂದ ಬರುವಂಥದ್ದಲ್ಲ. ಯಾರೂ ಗಮನಿಸದ, ವರದಿಯಲ್ಲಿ ಬರೆಯಲು ಜಾಗವೇ ಇಲ್ಲದ ಸಣ್ಣ ಕೆಲಸಗಳಿಂದ ಬರುತ್ತದೆ.

‘ಮುಂದೆ ಏನಾಗ್ತೀ?’ ಎಂದು ಯಾವ ತರಗತಿಯಲ್ಲಾದರೂ ಕೇಳಿ ನೋಡಿ, ಉತ್ತರಕ್ಕೆ ಬರವಿಲ್ಲ. ಪೊಲೀಸ್, ಟೀಚರ್, ಡಾಕ್ಟರ್, ಮಿಲಿಟರಿ, ಈಚೆಗೆ ಡಿಸಿ. ‘ಹೆಂಗ ಆಗ್ತೀ?’ ಎಂಬ ಎರಡನೆಯ ಪ್ರಶ್ನೆಗೆ ಕೋಣೆ ಸುಮ್ಮನಾಗುತ್ತದೆ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಒಮ್ಮೆ ಎದ್ದು ನಿಂತು, “ಮೊದ್ಲು ಹತ್ತನೇದು ಪಾಸಾಗ್ಲಿ ನೋಡೂನ್ರಿ ಮೇಡಂ, ಆಮ್ಯಾಲಿಂದು ಯಾರಿಗ್ ಗೊತ್ತು” ಅಂದ. ಪಾಸಾಗಲು ಏನು ಮಾಡ್ತೀ ಎಂದು ಕೇಳಿದೆ. “ಅದ ಗೊತ್ತಿಲ್ರಿ” ಅಂದ. ತುಂಟತನವಿರಲಿಲ್ಲ ಆ ಮಾತಿನಲ್ಲಿ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಅಮೆರಿಕದ ಕನ್ಸಾಸ್ ವಿಶ್ವವಿದ್ಯಾಲಯದಲ್ಲಿದ್ದ ಮನೋವಿಜ್ಞಾನಿ ಸಿ.ಆರ್. ಸ್ನೈಡರ್ 1990ರ ದಶಕದಲ್ಲಿ ಭರವಸೆಯ ಬಗ್ಗೆ ಮಾಡಿದ ಕೆಲಸವನ್ನು ಓದಿದಾಗ ನನಗೆ ಮೊದಲು ನೆನಪಾದವನು ಈ ಹುಡುಗ. ಒಳ್ಳೆಯದಾಗಲಿ ಎಂದು ಹಾರೈಸುತ್ತ ಕೂರುವುದನ್ನು ಸ್ನೈಡರ್ ಭರವಸೆ ಎಂದು ಕರೆಯುವುದಿಲ್ಲ. ಮಗುವಿಗೆ ಒಂದು ಗುರಿ ಇರಬೇಕು, ಅಲ್ಲಿಗೆ ಹೋಗುವ ದಾರಿಗಳು ಕಾಣಬೇಕು, ಆ ದಾರಿಯಲ್ಲಿ ನಾನು ನಡೆಯಬಲ್ಲೆ ಎಂಬ ಛಲವೂ ಇರಬೇಕು. ಮೂರೂ ಕೂಡಿದರೆ ಮಾತ್ರ ಭರವಸೆ. ಒಂದು ದಾರಿ ಮುಚ್ಚಿದಾಗ ಇನ್ನೊಂದನ್ನು ಹುಡುಕುವ ಶಕ್ತಿಯೂ ಇದರಲ್ಲೇ ಸೇರಿದೆ. ಮಕ್ಕಳಲ್ಲಿ ಇದನ್ನು ಅಳೆಯಲು ಅವರು ಮತ್ತು ಅವರ ಸಂಗಡಿಗರು 1997ರಲ್ಲಿ ಆರೇ ಆರು ಹೇಳಿಕೆಗಳ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದರು. ಮೂರು ಹೇಳಿಕೆಗಳು ದಾರಿಗೆ ಸಂಬಂಧಿಸಿದವು, ಮೂರು ಛಲಕ್ಕೆ. ಮಗು ತನಗೆ ಯಾವುದು ಎಷ್ಟು ಒಪ್ಪುತ್ತದೆ ಎಂದು ಗುರುತು ಹಾಕುತ್ತ ಹೋಗುವುದು. ಇಂದಿಗೂ ಹಲವು ದೇಶಗಳಲ್ಲಿ ಅದು ಬಳಕೆಯಲ್ಲಿದೆ.

ಆ ಕನ್ನಡಿಯಲ್ಲಿ ನೋಡಿದರೆ ನಮ್ಮ ಮಕ್ಕಳಿಗೆ ಗುರಿಯ ಕೊರತೆಯಿಲ್ಲ. ಛಲಕ್ಕಂತೂ ಕೊರತೆಯೇ ಇಲ್ಲ. ರಜೆಯಲ್ಲಿ ಹತ್ತಿ ಬಿಡಿಸಲು ಹೋಗಿ, ಬಂದ ಕೂಲಿಯಲ್ಲಿ ಮನೆಗೆ ಕೊಟ್ಟು ಉಳಿದದ್ದರಲ್ಲಿ ತಾನೇ ಕಂಪಾಸ್ ಬಾಕ್ಸ್ ಕೊಂಡು ತಂದ ಹುಡುಗಿಗೆ ಛಲ ಕಲಿಸಲು ನಾನು ಯಾರು? ಅವರಿಗೆ ಕಾಣದಿರುವುದು ದಾರಿ. ಹತ್ತನೆಯದಾದ ಮೇಲೆ ಪಿಯುಸಿಯೊಂದೇ ಅಲ್ಲ, ಐಟಿಐ ಇದೆ, ಮೂರು ವರ್ಷದ ಡಿಪ್ಲೊಮಾ ಇದೆ, ಡಿಪ್ಲೊಮಾ ಮುಗಿಸಿದವರು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ನೇರ ಸೇರಬಹುದು ಎಂಬುದು ಪಟ್ಟಣದ ಮನೆಗಳಲ್ಲಿ ಊಟದ ಹೊತ್ತಿನ ಮಾತು. ನಮ್ಮಲ್ಲಿ ಮನೆಯ ಹಿಂದಿನ ತಲೆಮಾರಿನಲ್ಲಿ ಹತ್ತನೆಯದರ ಮೆಟ್ಟಿಲು ಹತ್ತಿದವರೇ ಇಲ್ಲದಿದ್ದರೆ ಇದನ್ನು ಹೇಳುವವರು ಯಾರು? ಹಾಸ್ಟೆಲ್ ಅರ್ಜಿ ಯಾವಾಗ ಕರೆಯುತ್ತಾರೆ, ಜಾತಿ-ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಯಾವಾಗ ಹೋಗಬೇಕು ಎಂಬ ಮಾಹಿತಿ ಇಲ್ಲದೆ ಎಷ್ಟೋ ಜಾಣ ಮಕ್ಕಳ ಓದು ಜೂನ್ ತಿಂಗಳಿನಲ್ಲೇ ನಿಂತುಹೋಗಿದೆ. ದಾರಿ ತೋರಿಸಬೇಕಾದವರು ಶಿಕ್ಷಕರು. ಆದರೆ ನಂಬಿಕೆ ಇಲ್ಲದವರು ತೋರಿಸಿದ ದಾರಿಯಲ್ಲಿ ಯಾವ ಮಗುವೂ ಕಾಲಿಡುವುದಿಲ್ಲ.

ನಾಡಿಗೆಲ್ಲ ಪರಿಚಿತರಾದ ಡಾ. ಎಚ್. ನರಸಿಂಹಯ್ಯನವರ ಬಾಳಿನಲ್ಲಿ ಇದು ಕಣ್ಣಿಗೆ ಕಟ್ಟುವಂತಿದೆ. ಗೌರಿಬಿದನೂರು ಬಳಿಯ ಹೊಸೂರಿನ ಬಡ ಹುಡುಗ. ಊರಿನಲ್ಲಿ ಮುಂದಿನ ಓದಿಗೆ ಶಾಲೆಯಿರಲಿಲ್ಲ. ತನಗೆ ಪಾಠ ಹೇಳಿದ್ದ, ತಾನು ಬಹಳ ಗೌರವಿಸುತ್ತಿದ್ದ ಮೇಷ್ಟ್ರು ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿನಲ್ಲಿದ್ದಾರೆ ಎಂಬ ಒಂದೇ ಧೈರ್ಯದ ಮೇಲೆ 1935ರಲ್ಲಿ ಆ ಹುಡುಗ ಬೆಂಗಳೂರಿಗೆ ನಡೆದೇ ಬಂದ. ಬಸ್ಸಿಗೆ ಕಾಸಿರಲಿಲ್ಲ. ಮುಂದೆ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು, ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಅವರ ಛಲವನ್ನು ನಾವೆಲ್ಲ ಹೊಗಳುತ್ತೇವೆ, ಹೊಗಳಲೇಬೇಕು. ಆ ಛಲಕ್ಕೆ ದಿಕ್ಕು ಕೊಟ್ಟದ್ದು ಒಬ್ಬ ಮೇಷ್ಟ್ರ ಮೇಲಿನ ನಂಬಿಕೆ ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು ಅನ್ನುತ್ತೇನೆ ನಾನು.

ಹಾಗಾದರೆ ಮಕ್ಕಳು ಯಾರನ್ನು ನಂಬುತ್ತಾರೆ? ಶಾಲೆಗಳೊಳಗಿನ ನಂಬಿಕೆಯನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಮೇಗನ್ ಚಾನೆನ್-ಮೊರಾನ್ ಮತ್ತು ವೇಯ್ನ್ ಹೋಯ್ ಎಂಬ ಅಮೆರಿಕದ ವಿದ್ವಾಂಸರು ಅದರಲ್ಲಿ ಐದು ಎಳೆಗಳನ್ನು ಗುರುತಿಸಿದ್ದಾರೆ. ಎದುರಿನವರು ನನ್ನ ಒಳಿತನ್ನು ಬಯಸುತ್ತಾರೆ, ಆಡಿದಂತೆ ನಡೆಯುತ್ತಾರೆ, ತಮ್ಮ ಕೆಲಸ ಬಲ್ಲವರು, ಪ್ರಾಮಾಣಿಕರು, ಮುಚ್ಚುಮರೆ ಮಾಡದವರು ಎನ್ನುವ ಭಾವನೆಗಳೇ ಆ ಎಳೆಗಳು. ಐದೂ ಮುಖ್ಯವೇ. ನನ್ನ ಅನುಭವದಲ್ಲಿ ಮಕ್ಕಳು ಮೊದಲು ಪರೀಕ್ಷಿಸುವುದು ಎರಡನೆಯದನ್ನು. ಪ್ರೀತಿ ಇದೆಯೋ ಇಲ್ಲವೋ ಎಂದು ತಿಳಿಯಲು ಅವರಿಗೆ ಸಮಯ ಬೇಕು. ಆಡಿದ ಮಾತು ನಡೆಯಿತೋ ಇಲ್ಲವೋ ಎಂಬುದು ಒಂದೇ ವಾರದಲ್ಲಿ ಗೊತ್ತಾಗಿಬಿಡುತ್ತದೆ.

ಕಿರುಪರೀಕ್ಷೆಯ ಉತ್ತರಗಳನ್ನು ತಿದ್ದಿ ಶುಕ್ರವಾರ ಕೊಡುತ್ತೇನೆ ಅಂದರೆ ಶುಕ್ರವಾರವೇ ಕೊಡಬೇಕು. ಇದು ನಾನು ನನಗೆ ಹಾಕಿಕೊಂಡ ಕಟ್ಟಳೆ. ಜನಗಣತಿ ಇರಲಿ, ಚುನಾವಣೆಯ ಕೆಲಸ ಇರಲಿ, ಎಸ್‌ಎಟಿಎಸ್‌ನಲ್ಲಿ (ಇಲಾಖೆಯ ಆನ್‌ಲೈನ್ ದಾಖಲೆ) ಅಂಕ ತುಂಬುವ ಗಡಿಬಿಡಿ ಇರಲಿ, ತರಗತಿಯಲ್ಲಿ ಕೂತವರಿಗೆ ಅದ್ಯಾವುದೂ ಕಾಣುವುದಿಲ್ಲ, ಕಾಣಬೇಕಾಗಿಯೂ ಇಲ್ಲ. ಗುರುವಾರ ರಾತ್ರಿ ಅಡುಗೆಮನೆ ಸ್ವಚ್ಛ ಮಾಡಿ, ಊಟದ ಮೇಜಿನ ಮೇಲೆ ಅರವತ್ತು ಪುಸ್ತಕ ಹರಡಿಕೊಂಡು ಕೂರುತ್ತೇನೆ. ಕಡಿಮೆ ಅಂಕದ ಪುಸ್ತಕಗಳನ್ನು ಕೊನೆಗೆ ಇಟ್ಟುಕೊಳ್ಳುವುದಿಲ್ಲ. ಸುಸ್ತಾದ ಕಣ್ಣಿಗೆ ಅವು ಸಿಕ್ಕರೆ ಅಡ್ಡಗೆರೆ ಎಳೆದು ಮುಂದೆ ಹೋಗುವ ಮನಸ್ಸಾಗುತ್ತದೆ. ಹೆಚ್ಚು ಹೊತ್ತು ಬೇಡುವ ಪುಸ್ತಕಗಳು ಅವೇ. ಆದ್ದರಿಂದ ಅವಕ್ಕೇ ಮೊದಲ ಸರದಿ.

ಒಂದನ್ನು ಹತ್ತಿರದಿಂದ ತೋರಿಸುತ್ತೇನೆ. ಹತ್ತನೆಯ ತರಗತಿ, ವರ್ಗಸಮೀಕರಣ. ಲೆಕ್ಕ: 2x² + x − 6 = 0. ಹುಡುಗ ನಡುವಿನ ಪದವನ್ನು ಸರಿಯಾಗಿಯೇ ಒಡೆದಿದ್ದಾನೆ: 2x² + 4x − 3x − 6. ಮುಂದಿನ ಸಾಲಿನ ಮೊದಲರ್ಧ 2x(x + 2), ಅದೂ ಸರಿ. ಉಳಿದರ್ಧವನ್ನು −3(x − 2) ಎಂದು ಬರೆದಿದ್ದಾನೆ. ಅಲ್ಲಿ ಕೂಡಿಸುವ ಚಿಹ್ನೆ ಬರಬೇಕಿತ್ತು. ಎರಡು ಆವರಣಗಳು ಒಂದೇ ಆಗಲಿಲ್ಲವೆಂದು ಗೊಂದಲವಾಗಿ, ಪೆನ್ನು ಒತ್ತಿ ಒತ್ತಿ ಅಳಿಸಿ, ಪುಟದ ಉಳಿದ ಭಾಗವನ್ನು ಖಾಲಿ ಬಿಟ್ಟಿದ್ದಾನೆ. ಅಲ್ಲಿ ದೊಡ್ಡದೊಂದು ಕೆಂಪು ಸೊನ್ನೆ ಹಾಕಿದರೆ ‘ನಿನಗೆ ಲೆಕ್ಕ ಬರುವುದಿಲ್ಲ’ ಎಂದು ಹೇಳಿದಂತೆ. ಅದು ಸುಳ್ಳು. ಅವನಿಗೆ ಲೆಕ್ಕದ ಮುಕ್ಕಾಲು ಭಾಗ ಬರುತ್ತದೆ. ನಾನು ಬರೆದದ್ದು: ‘ಇಲ್ಲಿಯವರೆಗೆ ಪೂರ್ತಿ ಸರಿ. ಋಣ ಚಿಹ್ನೆಯನ್ನು ಹೊರಗೆ ತೆಗೆದಾಗ ಒಳಗಿನ ಚಿಹ್ನೆ ಏನಾಗುತ್ತದೆ, ನೋಡು. ನೀನು ಇದನ್ನು ಮುಗಿಸಬಲ್ಲೆ ಎಂದು ನನಗೆ ಗೊತ್ತು, ಅದಕ್ಕೇ ಇಷ್ಟು ಬರೆದಿದ್ದೇನೆ. ಸೋಮವಾರ ತಿದ್ದಿ ತೋರಿಸು.’ ಸೋಮವಾರ ಪ್ರಾರ್ಥನೆಗೂ ಮುಂಚೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ. ಪುಸ್ತಕ ಬಿಚ್ಚಿಯೇ ಹಿಡಿದಿದ್ದ. ಕೆಳಗಡೆ x = 3/2, x = −2 ಎಂದು ಬರೆದು ಎರಡು ಸುತ್ತು ಗೆರೆ ಎಳೆದಿದ್ದ.

ಹೀಗೆ ಬರೆಯುವ ಅಭ್ಯಾಸಕ್ಕೆ ನನಗೆ ಬಲ ಕೊಟ್ಟದ್ದು ಅಮೆರಿಕದ ಸಂಶೋಧನೆಯೊಂದು. ಡೇವಿಡ್ ಯೇಗರ್, ಜೆಫ್ರಿ ಕೋಹೆನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ್ದು. ಏಳನೆಯ ತರಗತಿಯ ಮಕ್ಕಳು ಪ್ರಬಂಧ ಬರೆದರು, ಅವರ ಶಿಕ್ಷಕರೇ ಎಂದಿನಂತೆ ತಿದ್ದಿದರು. ಹಿಂದಿರುಗಿಸುವಾಗ ಕೆಲವರ ಹಾಳೆಗೆ ಒಂದು ಚೀಟಿ ಅಂಟಿಸಿದ್ದರು. ನಿನ್ನಿಂದ ನಾನು ಬಹಳ ನಿರೀಕ್ಷಿಸುತ್ತೇನೆ, ನೀನು ಅದನ್ನು ಮುಟ್ಟಬಲ್ಲೆ ಎಂದು ನನಗೆ ಗೊತ್ತು, ಅದಕ್ಕೇ ಈ ಟಿಪ್ಪಣಿಗಳು ಎಂಬ ಅರ್ಥದ ಒಂದು ಮಾತು ಅದರಲ್ಲಿತ್ತು. ಉಳಿದವರ ಚೀಟಿಯಲ್ಲಿ ಸಾಧಾರಣ ಮಾತು. ಬೇಕಾದರೆ ತಿದ್ದಿ ಬರೆದುಕೊಡಬಹುದು ಎಂದು ಎಲ್ಲರಿಗೂ ಹೇಳಲಾಯಿತು. ಸಾಧಾರಣ ಚೀಟಿ ಸಿಕ್ಕ ಕಪ್ಪು ಜನಾಂಗದ ಮಕ್ಕಳಲ್ಲಿ ಮತ್ತೆ ಬರೆದವರು ಶೇ. 17. ಆ ಇನ್ನೊಂದು ಚೀಟಿ ಸಿಕ್ಕವರಲ್ಲಿ ಶೇ. 72. ಇದು ಸಣ್ಣ ಗುಂಪಿನ ಮೇಲೆ ನಡೆದ ಪ್ರಯೋಗ, ಚೀಟಿಯೊಂದು ಮಂತ್ರವಲ್ಲ ಎಂದು ಸಂಶೋಧಕರೂ ಎಚ್ಚರಿಸಿದ್ದಾರೆ. ಶಿಕ್ಷಕರ ಮೇಲೆ ಮೊದಲೇ ಅಪನಂಬಿಕೆ ಇದ್ದ ಮಕ್ಕಳ ಮೇಲೆಯೇ ಚೀಟಿಯ ಪರಿಣಾಮ ಹೆಚ್ಚಾಗಿತ್ತು ಎಂಬುದು ನನ್ನ ಮನಸ್ಸಿಗೆ ನಾಟಿದ ಸಂಗತಿ. ಕೆಂಪು ಶಾಯಿಯನ್ನು ಆ ಮಕ್ಕಳು ‘ಇವರಿಗೆ ನಾನು ಬೇಡ’ ಎಂದು ಓದಿಕೊಳ್ಳುತ್ತಿದ್ದರು. ಚೀಟಿ ಆ ಓದನ್ನು ಬದಲಿಸಿತು.

ಅದೇ ತಂಡ 2017ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ಓದಿ ನನಗೆ ಸಂಕಟವಾಯಿತು. ಶಾಲೆಯಲ್ಲಿ ನ್ಯಾಯ ಎಲ್ಲರಿಗೂ ಒಂದೇ ಅಲ್ಲ ಎಂದು ಕಪ್ಪು ಜನಾಂಗದ ಮಕ್ಕಳಿಗೆ ಏಳನೆಯ ತರಗತಿಯ ಹೊತ್ತಿಗೆ ಅನ್ನಿಸತೊಡಗುತ್ತದೆ. ಒಂದೇ ತಪ್ಪಿಗೆ ಒಬ್ಬನಿಗೆ ಬುದ್ಧಿಮಾತು, ಇನ್ನೊಬ್ಬನಿಗೆ ಶಿಕ್ಷೆ. ಆ ವಯಸ್ಸಿನಲ್ಲಿ ನಂಬಿಕೆ ಕಳೆದುಕೊಂಡವರು, ಮೊದಲು ಚೆನ್ನಾಗಿ ಓದುತ್ತಿದ್ದವರಾದರೂ, ಆರು ವರ್ಷದ ನಂತರ ಕಾಲೇಜು ಸೇರುವ ಸಂಭವ ಕಡಿಮೆಯಾಗಿತ್ತು. ಅಲ್ಲಿ ಬಣ್ಣ. ನಮ್ಮಲ್ಲಿ ಜಾತಿ ಇದೆ, ಓಣಿ ಇದೆ, ‘ನಿಮ್ಮಪ್ಪ ಏನ್ ಮಾಡ್ತಾನ?’ ಎಂಬ ಪ್ರಶ್ನೆ ಇದೆ. ಕುಡಿಯುವ ನೀರು ತರಲು ಯಾವ ಹುಡುಗನನ್ನು ಕಳಿಸುತ್ತೇವೆ, ಕಸ ಗುಡಿಸು ಎಂದು ಯಾರಿಗೆ ಹೇಳುತ್ತೇವೆ, ವೇದಿಕೆಯ ಮೇಲೆ ಹಾಡಲು ಯಾರನ್ನು ಕರೆಯುತ್ತೇವೆ, ಮಕ್ಕಳು ಒಂದನ್ನೂ ಮರೆಯುವುದಿಲ್ಲ. ನಮ್ಮ ಶಾಲೆಯಲ್ಲಿ ಈ ಕೆಲಸಗಳಿಗೆ ಹಾಜರಿ ಪುಸ್ತಕದ ಕ್ರಮದಲ್ಲಿ ಸರದಿ ಹಾಕಿದ್ದೇವೆ. ಬಹಳ ಸಣ್ಣ ಸಂಗತಿ. ಅದಾದ ಮೇಲೆ ಹಿಂದಿನ ಬೆಂಚಿನಿಂದ ಪ್ರಶ್ನೆಗಳು ಬರಲು ಶುರುವಾದವು ಎಂಬುದು ಮಾತ್ರ ಸಣ್ಣದಲ್ಲ.

ಬೆತ್ತದ ವಿಷಯದಲ್ಲಿ ನನಗೆ ಎರಡು ಮಾತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆದರೂ ಪೋಷಕರ ಸಭೆಯಲ್ಲಿ “ನಾಲ್ಕ್ ಬಾರಸ್ರಿ ಮೇಡಂ, ನಾವೇನೂ ಅನ್ನಂಗಿಲ್ಲ” ಎಂದು ಪ್ರೀತಿಯಿಂದಲೇ ಹೇಳುವ ಅಪ್ಪಂದಿರಿದ್ದಾರೆ. ಅವರಿಗೆ ನಾನು ಹೇಳುವುದು ಇಷ್ಟೇ: ಹೊಡೆಸಿಕೊಂಡ ಮಗು ಮರುದಿನ ಲೆಕ್ಕ ಬರೆದುಕೊಂಡು ಬರಬಹುದು, ಆದರೆ ಗೊತ್ತಿಲ್ಲ ಎಂದು ಎದ್ದು ನಿಂತು ಹೇಳುವುದನ್ನು ಬಿಟ್ಟುಬಿಡುತ್ತದೆ. ಗೊತ್ತಿಲ್ಲ ಎಂದು ಹೇಳದ ಮಗುವಿಗೆ ಗಣಿತ ಕಲಿಸಲು ಯಾರಿಂದಲೂ ಆಗುವುದಿಲ್ಲ.

ಇನ್ನು ಪ್ರಾಮಾಣಿಕತೆಯ ಮಾತು. ಇಲ್ಲಿ ನಮ್ಮ ಭಾಗದ ಒಂದು ನೋವಿನ ಕಥೆ ಹೇಳಲೇಬೇಕು. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ ಬಂತು. ಕೋಣೆಕೋಣೆಯಲ್ಲಿ ಕ್ಯಾಮೆರಾ. ಹಿಂದಿನ ವರ್ಷ ರಾಜ್ಯದ ಫಲಿತಾಂಶ ಶೇ. 83.89 ಇತ್ತು. 2024ರಲ್ಲಿ ಕೃಪಾಂಕವನ್ನು ಶೇ. 20ಕ್ಕೆ ಏರಿಸಿದ ಮೇಲೂ ಬಂದದ್ದು ಶೇ. 73.40. ಉಡುಪಿ ಶೇ. 94ರೊಂದಿಗೆ ಮೊದಲ ಸ್ಥಾನ, ನಮ್ಮ ಪಕ್ಕದ ಯಾದಗಿರಿ ಶೇ. 50.59ರೊಂದಿಗೆ ಕೊನೆಯದು. ಪತ್ರಿಕೆಗಳು ಅಂಕಿ ಬರೆದವು, ಟಿವಿಯವರು ಜಿಲ್ಲೆಗಳ ಪಟ್ಟಿ ಓದಿದರು. ನಾನು ಕಂಡದ್ದು ಮಕ್ಕಳ ಮುಖ. ಅದಕ್ಕೂ ಮುಂಚಿನ ವರ್ಷಗಳಲ್ಲಿ “ಅಲ್ಲಿ ಯಾರರ ಹೇಳಿಕೊಡ್ತಾರ ಬಿಡ್ರಿ” ಎಂದು ಮಕ್ಕಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವುದು ಎಷ್ಟೋ ಕಡೆ ಕಿವಿಗೆ ಬೀಳುತ್ತಿತ್ತು. ಅದೂ ಒಂದು ಬಗೆಯ ನಂಬಿಕೆಯೇ, ಆದರೆ ಆ ನಂಬಿಕೆ ಮಗುವಿನಿಂದ ದಾರಿಯನ್ನೂ ಛಲವನ್ನೂ ಕಿತ್ತುಕೊಂಡು ಗುರಿಯನ್ನಷ್ಟೇ ಕೈಗಿಡುತ್ತದೆ. ಕ್ಯಾಮೆರಾ ಬಂದ ದಿನ ಆ ಆಸರೆ ಕುಸಿಯಿತು. ಮೋಸಹೋದವರು ಮಕ್ಕಳು. ಕ್ಯಾಮೆರಾ ತಂದದ್ದು ಸರಿಯೇ ಎಂಬುದು ನನ್ನ ಖಚಿತ ಅಭಿಪ್ರಾಯ. ಅದರ ಜೊತೆಗೆ ಎಂಟನೆಯ ತರಗತಿಯಿಂದಲೇ ಆ ಮಕ್ಕಳ ಕೈಹಿಡಿಯುವ ಏರ್ಪಾಡೂ ಬರಬೇಕಿತ್ತು.

ನಾವೆಲ್ಲ ‘ಪಾಸಿಂಗ್ ಪ್ಯಾಕೇಜ್’ ಎಂದು ಕರೆಯುವ ಪಟ್ಟಿಯೊಂದಿದೆ, ಓದಿನಲ್ಲಿ ಹಿಂದುಳಿದ ಮಕ್ಕಳು ಖಂಡಿತ ಅಂಕ ಗಳಿಸಬಹುದಾದ ಭಾಗಗಳ ಪಟ್ಟಿ. ಇದನ್ನು ಹೀಗಳೆಯುವವರಿದ್ದಾರೆ. ಬರೀ ಉರುಹೊಡೆಸಿದರೆ ಹೀಗಳೆಯಬೇಕಾದದ್ದೇ. ಆದರೆ ಪೂರ್ವಸಿದ್ಧತಾ ಪರೀಕ್ಷೆಯ ಉತ್ತರ ಪತ್ರಿಕೆ ಹಿಡಿದು ಹುಡುಗಿಯೊಬ್ಬಳು, “ಖರೇ ಹೇಳ್ರಿ ಮೇಡಂ, ನಾ ಪಾಸಾಗ್ತೀನ್ರೀ?” ಎಂದು ಕೇಳಿದಾಗ ಅದೇ ಪಟ್ಟಿ ನನ್ನ ಕೈಗೆ ಬರುತ್ತದೆ. ‘ಆಗ್ತೀ ಹೋಗು, ಚಿಂತಿ ಬ್ಯಾಡ’ ಅಂದರೆ ಅವಳು ಅಂದು ಖುಷಿಯಾಗಿ ಮನೆಗೆ ಹೋಗುತ್ತಾಳೆ, ಮೇ ತಿಂಗಳಲ್ಲಿ ನನ್ನ ಮಾತಿಗೆ ಬೆಲೆ ಇರುವುದಿಲ್ಲ. ನಾನು ಹೇಳಿದ್ದು ಹೀಗೆ: “ಇವತ್ತು ಬರದದ್ದಕ್ಕ ಆಗೂದಿಲ್ಲವ್ವ. ಇನ್ನ ಹತ್ತು ಅಂಕ ಬೇಕು. ಎಲ್ಲೆಲ್ಲಿ ಸಿಗ್ತಾವ ಅಂತ ಈಗ ಕೂತು ನೋಡೂಣು.” ರೇಖಾತ್ಮಕ ಸಮೀಕರಣಗಳ ನಕ್ಷೆಯ ಲೆಕ್ಕಕ್ಕೆ ಸಾಮಾನ್ಯವಾಗಿ ನಾಲ್ಕು. ಥೇಲ್ಸ್ ಪ್ರಮೇಯ ಬಂದರೆ ಇನ್ನೊಂದು ನಾಲ್ಕು. ಸರಾಸರಿ, ಮಧ್ಯಾಂಕ, ಬಹುಲಕದ ಲೆಕ್ಕಕ್ಕೆ ಮೂರು. ಪ್ರಶ್ನೆಪತ್ರಿಕೆಯ ಹಿಂಬದಿಯಲ್ಲಿ ಅವಳೇ ಕೂಡಿಸಿ ಹನ್ನೊಂದು ಎಂದು ಬರೆದಳು. ಯಾವ ದಿನ ಯಾವುದು ಎಂದೂ ಅವಳೇ ಬರೆದುಕೊಂಡಳು. ಸ್ನೈಡರ್ ಹೇಳಿದ ದಾರಿ ಎಂದರೆ ಇದೇ. ಕೆಟ್ಟ ಸುದ್ದಿಯನ್ನು ಸರಿಯಾಗಿ ಹೇಳಿದವರು ಒಳ್ಳೆಯ ಸುದ್ದಿ ಹೇಳಿದಾಗಲೂ ಮಗು ನಂಬುತ್ತದೆ.

ನಂಬಿಕೆ ಬೆಳೆದಂತೆ ಹೊಣೆಯೂ ಹೆಚ್ಚುತ್ತದೆ. ಹುಡುಗಿಯರು ಒಮ್ಮೊಮ್ಮೆ ಪಾಠ ಮುಗಿದ ಮೇಲೆ ಡಸ್ಟರ್ ತಂದುಕೊಡುವ ನೆಪದಲ್ಲಿ ಹಿಂದೆ ಬರುತ್ತಾರೆ. “ಮೇಡಂ, ಯಾರಿಗೂ ಹೇಳಬ್ಯಾಡ್ರಿ.” ಮುಂದಿನ ಮಾತು ಬಹಳ ಸಲ ಮದುವೆಯದು. ಸೋದರಮಾವನಿಗೆ ಕೊಡುವ ಮಾತಾಗಿದೆ, ಜಾತ್ರೆ ಮುಗಿದ ಮೇಲೆ ಅಂತೆ. ಇಲ್ಲಿ ಶಿಕ್ಷಕರು ಬಹಳ ಎಚ್ಚರದಿಂದ ಮಾತಾಡಬೇಕು. ‘ಯಾರಿಗೂ ಹೇಳೂದಿಲ್ಲ’ ಎಂಬ ಮಾತನ್ನು ನಾನು ಕೊಡುವುದಿಲ್ಲ, ಕೊಡಬಾರದು. ಉಳಿಸಿಕೊಳ್ಳಲಾಗದ ಮಾತು ಅದು. ಹದಿನೆಂಟು ತುಂಬದ ಹುಡುಗಿಯ ಮದುವೆಯನ್ನು 2006ರ ಕಾಯ್ದೆ ನಿಷೇಧಿಸಿದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯದ ಸಂಗತಿ ಕಿವಿಗೆ ಬಿದ್ದರೆ ಪೋಕ್ಸೊ ಕಾಯ್ದೆಯ ಪ್ರಕಾರ ವರದಿ ಮಾಡಲೇಬೇಕು. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: “ನಿನಗ ತೊಂದ್ರಿ ಆಗೂವಂಥದ್ದು ಇದ್ರ, ಸಹಾಯ ಮಾಡೂವವರಿಗೆ ನಾ ಹೇಳಲೇಬೇಕಾಗ್ತದ. ಯಾರಿಗೆ ಹೇಳ್ತೀನಿ, ಯಾವಾಗ ಹೇಳ್ತೀನಿ ಅಂತ ನಿನಗ ತಿಳಿಸದ ಹೇಳೂದಿಲ್ಲ.” ಕೆಲವರು ಇಷ್ಟಕ್ಕೇ ಸುಮ್ಮನಾಗಿ ಹೋಗುತ್ತಾರೆ. ಹೆಚ್ಚಿನವರು ಒಂದೆರಡು ದಿನ ಬಿಟ್ಟು ಮತ್ತೆ ಬರುತ್ತಾರೆ. 1098 ಸಂಖ್ಯೆಯ ಮಕ್ಕಳ ಸಹಾಯವಾಣಿಯನ್ನು ಶಾಲೆಯ ಗೋಡೆಯ ಮೇಲೆ ಬರೆಸಿದ್ದೇವೆ. ಆದರೆ ಗೋಡೆಯ ಮೇಲಿನ ಸಂಖ್ಯೆಗೆ ಫೋನು ಮಾಡುವ ಧೈರ್ಯವನ್ನೂ ಮಗು ಸಾಮಾನ್ಯವಾಗಿ ಯಾರಾದರೊಬ್ಬ ದೊಡ್ಡವರಿಂದಲೇ ಪಡೆಯುತ್ತದೆ.

ಆ ‘ಒಬ್ಬರು’ ಎಂಬುದಕ್ಕೆ ಎಷ್ಟು ತೂಕವಿದೆ ಎಂಬುದನ್ನು ಹವಾಯಿಯ ಕವಾಯಿ ದ್ವೀಪದಲ್ಲಿ ನಡೆದ ಅಧ್ಯಯನ ತೋರಿಸಿಕೊಟ್ಟಿದೆ. 1955ರಲ್ಲಿ ಆ ದ್ವೀಪದಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ನಡುವಯಸ್ಸಿನವರೆಗೂ ಹಿಂಬಾಲಿಸಿದರು. ಬಡತನ, ಒಡೆದ ಸಂಸಾರ, ಕುಡಿತದ ಮನೆಗಳಲ್ಲಿ ಹುಟ್ಟಿ ಹೆಚ್ಚಿನ ಅಪಾಯದಲ್ಲಿದ್ದ ಮಕ್ಕಳಲ್ಲಿ ಮೂರರಲ್ಲಿ ಒಂದು ಪಾಲಿನವರು ಗಟ್ಟಿಯಾಗಿ, ಇತರರಿಗೆ ಆಸರೆಯಾಗುವಂತೆ ಬೆಳೆದರು. ಅವರ ಬಾಳಿನಲ್ಲಿ ತಂದೆತಾಯಿ ಅಲ್ಲದಿದ್ದರೂ ಬಿಡದೆ ಜೊತೆಗೆ ನಿಂತ ಹಿರಿಯರು ಇದ್ದರು. ಅಜ್ಜಿ, ಚಿಕ್ಕಪ್ಪ, ನೆರೆಯವರು. ಅಚ್ಚುಮೆಚ್ಚಿನ ಶಿಕ್ಷಕರ ಹೆಸರೂ ಆ ಕಥೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಬಿಡದೆ ನಿಲ್ಲುವುದು ಎಂಬಲ್ಲಿ ನನ್ನ ಮಾತು ವ್ಯವಸ್ಥೆಯ ಕಡೆಗೆ ಹೊರಳಬೇಕು. ಕಲ್ಯಾಣ ಕರ್ನಾಟಕದ ಪ್ರೌಢಶಾಲೆಗಳಲ್ಲಿ ಖಾಲಿ ಹುದ್ದೆಗಳನ್ನು ಅತಿಥಿ ಶಿಕ್ಷಕರಿಂದ ತುಂಬಿಸುತ್ತಾರೆ. ಶಾಲೆ ಶುರುವಾದ ಮೇಲೆ ಬರುತ್ತಾರೆ, ವರ್ಷ ಮುಗಿದರೆ ಹೋಗುತ್ತಾರೆ. ಗೌರವಧನ ತಿಂಗಳುಗಟ್ಟಲೆ ತಡವಾದರೂ ಪಾಠ ನಿಲ್ಲಿಸದವರನ್ನು ನಾನು ಬಲ್ಲೆ. ಅವರ ದುಡಿಮೆಯ ಮೇಲೆ ನನಗೆ ಗೌರವವಿದೆ. ಆದರೆ ಎಂಟನೆಯದರಲ್ಲಿ ಒಬ್ಬರು, ಒಂಬತ್ತರಲ್ಲಿ ಒಬ್ಬರು, ಹತ್ತರಲ್ಲಿ ಅರ್ಧ ವರ್ಷಕ್ಕೊಬ್ಬರು ವಿಜ್ಞಾನ ಹೇಳಿಕೊಟ್ಟ ಮಗುವಿನ ಎದುರು ನಿಂತು ‘ಶಿಕ್ಷಕರ ಮೇಲೆ ನಂಬಿಕೆ ಇಡು’ ಎಂದು ಹೇಗೆ ಹೇಳುವುದು? ನಂಬಿಕೆ ಇಡಲು ಮುಖವೊಂದು ಬೇಕಲ್ಲ! ಚಿಕಾಗೋ ನಗರದ ನಾನೂರಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳನ್ನು 1990ರ ದಶಕದಲ್ಲಿ ಅಧ್ಯಯನ ಮಾಡಿದ ಆ್ಯಂಟನಿ ಬ್ರೈಕ್ ಮತ್ತು ಬಾರ್ಬರಾ ಶ್ನೈಡರ್ 2002ರಲ್ಲಿ ಬರೆದ ಪುಸ್ತಕದಲ್ಲಿ ಹೇಳುವುದೂ ಇದನ್ನೇ. ಶಿಕ್ಷಕರು, ಮುಖ್ಯಸ್ಥರು, ಪೋಷಕರ ನಡುವೆ ಪರಸ್ಪರ ನಂಬಿಕೆ ಗಟ್ಟಿಯಾಗುತ್ತ ಬಂದ ಶಾಲೆಗಳಲ್ಲಿ ಗಣಿತ ಮತ್ತು ಓದಿನ ಕಲಿಕೆ ಸುಧಾರಿಸುವ ಸಂಭವ ಬಹಳ ಹೆಚ್ಚು. ಆ ನಂಬಿಕೆ ಬೆಳೆಯುವುದು ದಿನದಿನದ ಒಡನಾಟದಲ್ಲಿ. ಒಡನಾಟಕ್ಕೆ ಜನ ಉಳಿಯಬೇಕು.

ಕೊರೊನಾ ವರ್ಷದಲ್ಲಿ ಅದನ್ನು ನಾವು ಕಣ್ಣಾರೆ ನೋಡಿದೆವು. 2020ರಲ್ಲಿ ಶಾಲೆ ಮುಚ್ಚಿದಾಗ ರಾಜ್ಯದಲ್ಲಿ ವಿದ್ಯಾಗಮ ಶುರುವಾಯಿತು. ನಾವೇ ಊರೂರಿಗೆ ಹೋಗಿ ಗುಡಿಯ ಕಟ್ಟೆ, ಸಮುದಾಯ ಭವನ, ಬೇವಿನ ಮರದ ನೆರಳು, ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಪಾಠ ಮಾಡಿದೆವು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಿದರು. ಆ ಕೆಲವೇ ವಾರಗಳಲ್ಲಿ ಮಕ್ಕಳ ಮನೆ ನೋಡಿದೆ, ಓದಲು ಕೂರುವ ಮೂಲೆ ನೋಡಿದೆ, ಯಾರ ಮನೆಯಲ್ಲಿ ಬೀಗ ಬಿದ್ದಿದೆ, ಯಾರ ತಂದೆತಾಯಿ ಬೆಂಗಳೂರು ಪುಣೆಗಳಿಂದ ಗುಳೆ ಬಿಟ್ಟು ವಾಪಸಾಗಿದ್ದಾರೆ ಎಂಬುದು ತಿಳಿಯಿತು. ಶಾಲೆ ಮತ್ತೆ ತೆರೆದಾಗ ಆ ಊರುಗಳ ಮಕ್ಕಳು ಗೈರುಹಾಜರಾದದ್ದು ಕಡಿಮೆ. ಮೇಡಂ ನಮ್ಮನಿಗಿ ಬಂದಿದ್ರು ಎಂಬ ಮಾತನ್ನು ಅವರು ಈಗಲೂ ಆಡುತ್ತಾರೆ. ಮನೆಭೇಟಿಗೆ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ ಕೆಲವು ದಿನಗಳನ್ನು ಇಲಾಖೆಯೇ ಕೊಡಬೇಕು ಎಂದು ಅಂದಿನಿಂದ ನಾನು ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ.

2024ರಿಂದ ಎಸ್ಸೆಸ್ಸೆಲ್ಸಿ ಪರೀಕ್ಷೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ನಡೆಯುತ್ತದೆ. ಮೊದಲನೆಯದರಲ್ಲಿ ನಪಾಸಾದವರು ಅದೇ ವರ್ಷ ಮತ್ತೆ ಬರೆಯಬಹುದು. ಒಂದು ದಾರಿ ಮುಚ್ಚಿದರೆ ಇನ್ನೊಂದು ತೆರೆದಿರುತ್ತದೆ, ಮಕ್ಕಳ ಭರವಸೆಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇನ್ನೊಂದಿಲ್ಲ. ಕಷ್ಟ ಇರುವುದು ಬೇರೆ ಕಡೆ. ಫಲಿತಾಂಶ ಬರುವ ಹೊತ್ತಿಗೆ ಬೇಸಿಗೆ ರಜೆ, ನಪಾಸಾದ ಹುಡುಗ ತಂದೆತಾಯಿಯ ಜೊತೆ ಗುಳೆ ಹೋಗಿರುತ್ತಾನೆ, ತನ್ನನ್ನು ಶಾಲೆ ಮರೆತಿದೆ ಎಂದುಕೊಂಡಿರುತ್ತಾನೆ. ಆದ್ದರಿಂದ ನಮ್ಮ ಶಾಲೆಯಲ್ಲಿ ನಪಾಸಾದವರ ಹೆಸರನ್ನು ಶಿಕ್ಷಕರೆಲ್ಲ ಹಂಚಿಕೊಂಡು ಫಲಿತಾಂಶದ ದಿನ ಸಂಜೆಯೊಳಗೆ ಒಬ್ಬೊಬ್ಬರ ಮನೆಗೂ ಫೋನು ಮಾಡುತ್ತೇವೆ. ಬೈಯಲು ಮಾಡುವ ಫೋನಲ್ಲ ಎಂದು ಮೊದಲು ಹೇಳಬೇಕಾಗುತ್ತದೆ. ಕಳೆದ ಸಲ ಒಬ್ಬ ತಾಯಿ ಫೋನೆತ್ತಿ, “ಅಕ್ಕೋರ, ಅವ ಸೆಂಟ್ರಿಂಗ್ ಕೆಲ್ಸಕ್ಕ ಹೋಗ್ಯಾನ್ರಿ. ಪರೀಕ್ಷೆ ಯಾವತ್ತು ಹೇಳ್ರಿ, ಹಿಂದಿನ ರಾತ್ರಿ ಬಸ್ ಹತ್ತಸ್ತೀನಿ” ಅಂದರು. ಹಿಂದಿನ ರಾತ್ರಿ ಸಾಲದು, ಒಂದು ವಾರ ಮೊದಲೇ ಕಳಿಸಿರಿ, ಅಜ್ಜಿಯ ಮನೆಯಲ್ಲಿರಲಿ, ದಿನಾ ಬೆಳಗ್ಗೆ ಒಂಬತ್ತಕ್ಕೆ ಶಾಲೆಗೆ ಬರಲಿ, ನಕ್ಷೆಯ ಲೆಕ್ಕ, ಪ್ರಮೇಯ ಎರಡನ್ನೂ ಮತ್ತೊಮ್ಮೆ ಮಾಡಿಸುತ್ತೇನೆ ಅಂದೆ.